ನಾನು ಗುಡ್ ಹಾಕಿದ ಪುಟ

ಫೆಬ್ರವರಿ ಬಂತೆಂದರೆ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳನ್ನು ನಾವು ಶಿಕ್ಷಕರು ಹಂಚಿಕೊಳ್ಳುತ್ತೇವೆ. ಒಬ್ಬೊಬ್ಬರ ಪಾಲಿಗೆ ಹತ್ತು ಮಕ್ಕಳು. ಇದಕ್ಕೆ ದತ್ತು ಎಂಬ ದೊಡ್ಡ ಹೆಸರು ಬೇರೆ. ದತ್ತು ತೆಗೆದುಕೊಂಡವರ ಕೆಲಸವೆಂದರೆ, ಪರೀಕ್ಷೆ ಮುಗಿಯುವ ತನಕ ದಿನಾ ಬೆಳಗಿನ ಐದು ಗಂಟೆಗೆ ಆ ಹತ್ತೂ ಮನೆಗೆ ಫೋನ್ ಮಾಡಿ, ಮಗು ಎದ್ದು ಓದಲು ಕೂತಿದೆಯೇ ಎಂದು ವಿಚಾರಿಸುವುದು. ಶಾಲೆ ಹರಿಹರದಲ್ಲಿ, ನನ್ನ ಮನೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಒಲೆಯ ಮೇಲೆ ಹಾಲಿಟ್ಟು, ಕಿವಿಗೆ ಫೋನ್ ಹಿಡಿದು, ಅಡುಗೆಮನೆಯಲ್ಲಿ ನಿಂತುಕೊಂಡೇ ನಾನು ಹರಿಹರವನ್ನು ಎಬ್ಬಿಸುತ್ತಿದ್ದೆ. ನಮ್ಮ ಯಜಮಾನರಿಗೆ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿ. ಒಂಬತ್ತಕ್ಕೆ ಮುಂಚೆ ಬಾಗಿಲು ತೆಗೆಯುವ ಪದ್ಧತಿ ಅವರ ವಂಶದಲ್ಲೇ ಇಲ್ಲ. ಕೋಳಿ ಕೂಗುವ ಮೊದಲೇ ಊರು ಎಬ್ಬಿಸುವವಳನ್ನು ಕಟ್ಟಿಕೊಂಡೆನಲ್ಲ ಎಂದು ಹೊದಿಕೆಯೊಳಗಿನಿಂದಲೇ ಗೊಣಗುತ್ತಿದ್ದರು.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ವಿಜ್ಞಾನ ಕಲಿಸುತ್ತಿದ್ದೇನೆ. ಈ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಕಲಿಸುವವರು ಇಲ್ಲವೆಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬಿದ್ದೇನೆ, ಸುಳ್ಳು ಯಾಕೆ ಹೇಳಲಿ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಪ್ರಶ್ನೆ ಕೇಳಿ ಮೂರು ಎಣಿಸುವಷ್ಟರಲ್ಲಿ ಉತ್ತರ ಬರದಿದ್ದರೆ ನಾನೇ ಉತ್ತರ ಹೇಳಿ, ಜೊತೆಗೆ ಎರಡು ಮಾತು ಬೈದು, ಮುಂದಿನ ಬೆಂಚಿಗೆ ಹೋಗಿಬಿಡುತ್ತಿದ್ದೆ. ಪಾಠ ಬೇಗ ಮುಗಿಯುತ್ತಿತ್ತು. ಬೇಗ ಮುಗಿಯುವುದನ್ನೇ ಜಾಣತನ ಎಂದುಕೊಂಡಿದ್ದೆ.

ಆ ವರ್ಷ ನನ್ನ ಪಾಲಿಗೆ ಬಂದ ಹತ್ತು ಮಕ್ಕಳಲ್ಲಿ ಗುತ್ತೂರಿನ ಒಬ್ಬ ಹುಡುಗಿ ಇದ್ದಳು. ಉಳಿದ ಒಂಬತ್ತು ಮನೆಗಳಲ್ಲಿ ಫೋನ್ ಎತ್ತುವುದೇ ದೊಡ್ಡ ರಾಮಾಯಣ. ಎತ್ತಿದರೂ ‘ಎದ್ದೀನ್ರಿ ಮಿಸ್’ ಎನ್ನುವ ದನಿಯಲ್ಲಿ ದಿಂಬು ಇನ್ನೂ ಅಂಟಿಕೊಂಡಿರುತ್ತಿತ್ತು. ಈ ಹುಡುಗಿ ಹಾಗಲ್ಲ. ಮೊದಲ ರಿಂಗಿಗೇ ಎತ್ತುತ್ತಿದ್ದಳು. ಹಿಂದೆ ಪುಟ ತಿರುವುವ ಸದ್ದು ಕೇಳುತ್ತಿತ್ತು. ನಾಲ್ಕೂವರೆಗೇ ಎದ್ದಿದ್ದೇನೆ, ಇಂಥ ಪಾಠದಲ್ಲಿದ್ದೇನೆ ಎಂದು ವರದಿ ಒಪ್ಪಿಸುತ್ತಿದ್ದಳು. ಅವಳಿಗೆ ಫೋನ್ ಮಾಡಿದ ಮೇಲೆ ನನ್ನ ಚಹಾ ರುಚಿಯಾಗುತ್ತಿತ್ತು.

ಅವಳ ವಿಜ್ಞಾನದ ನೋಟ್ಸ್ ಅಂತೂ ಕಣ್ಣಿಗೆ ಹಬ್ಬ. ಶೀರ್ಷಿಕೆ ಕೆಂಪು ಬಣ್ಣದಲ್ಲಿ, ಉಪಶೀರ್ಷಿಕೆ ಹಸಿರಿನಲ್ಲಿ, ಉತ್ತರ ನೀಲಿಯಲ್ಲಿ, ಚಿತ್ರಗಳಿಗೆ ಪೆನ್ಸಿಲ್ ಬಣ್ಣ. ಪುಟದ ಸುತ್ತ ಗೆರೆ ಎಳೆದು, ಮೂಲೆಯಲ್ಲಿ ಸಣ್ಣದೊಂದು ಬಳ್ಳಿ. ಆ ಪುಸ್ತಕವನ್ನು ನಾನು ಒಂಬತ್ತನೇ ತರಗತಿಗೂ ಎಂಟನೇ ತರಗತಿಗೂ ಎತ್ತಿಕೊಂಡು ಹೋಗಿ, ನೋಡಿ ಕಲಿಯಿರಿ ಎಂದು ತೋರಿಸಿದ್ದೆ. ಶಾಲೆಯ ಸುಂದರ ನೋಟ್ಸ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವಳಿಗೇ. ಆ ಸ್ಪರ್ಧೆ ಶುರು ಮಾಡಿದವಳು ನಾನೇ. ಪುಟ ಪುಟಕ್ಕೂ ಕೆಂಪು ಪೆನ್ನಿನಲ್ಲಿ ‘ಗುಡ್’ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದ್ದೆ.

ಪರೀಕ್ಷೆ ಆಯಿತು. ಮೇ ತಿಂಗಳ ಸೆಕೆಯಲ್ಲಿ ಫಲಿತಾಂಶ ಬಂತು. ನನ್ನ ದಿಂಬಿನ ದನಿಯ ಒಂಬತ್ತು ಮಕ್ಕಳೂ ಹೇಗೋ ಹೊಳೆ ದಾಟಿದರು. ಗುತ್ತೂರಿನ ಹುಡುಗಿ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಒಂದರಲ್ಲಿ ಫೇಲಾಗಿದ್ದಳು. ವಿಜ್ಞಾನದಲ್ಲಿ. ಪಾಸಿಗೆ ಬೇಕಾದುದಕ್ಕಿಂತ ಒಂಬತ್ತು ಅಂಕ ಕಡಿಮೆ. ಮೊಬೈಲಿನ ಪರದೆಯನ್ನು ಮೂರು ಸಲ ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಅಂಕ ಬದಲಾಗಲಿಲ್ಲ.

ಮರುದಿನ ಅವಳು ತಂದೆಯ ಜೊತೆ ಶಾಲೆಗೆ ಬಂದಳು. ತಂದೆ ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಯಂತ್ರಗಳಿಂದ ತಯಾರಾಗಿ ಬರುವ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸ. ಶಿಫ್ಟ್ ಮುಗಿಸಿ ಕಂಪನಿಯ ಅಂಗಿಯಲ್ಲೇ ಬಂದಿದ್ದರು. ಜಗಳ ಮಾಡಲು ಬಂದಿರಬೇಕು ಎಂದುಕೊಂಡು ನಾನು ಮಾತನ್ನು ಹರಿತ ಮಾಡಿಕೊಂಡು ಕೂತಿದ್ದೆ. ಆ ಮನುಷ್ಯ ದನಿ ಏರಿಸಲಿಲ್ಲ. ಕೈಚೀಲದಿಂದ ಮಗಳ ವಿಜ್ಞಾನದ ನೋಟ್ಸ್ ತೆಗೆದು, ಎರಡೂ ಕೈಯಿಂದ ನನ್ನ ಮೇಜಿನ ಮೇಲಿಟ್ಟರು.

"ಮೇಡಂ, ಇದರಾಗ ಏನು ತಪ್ಪೈತ್ರಿ?" ಎಂದರು. "ನನಗ ಗೊತ್ತಾಗಲ್ಲ. ಎಲ್ಲಾ ಕಡೀನೂ ನೀವು ಗುಡ್ ಹಾಕೀರಿ."

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ತಂದೆ ಉಳಿದದ್ದನ್ನೂ ಹೇಳಿದರು. ಮಗಳಿಗೆ ದಾವಣಗೆರೆಯ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಆ ಲ್ಯಾಬ್ ಕೋರ್ಸ್ ಮಾಡುವ ಆಸೆ. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು, ಅರ್ಜಿ ಹಾಕಬಹುದು. ಆದರೆ ಅವಳ ಅತ್ತೆಯೊಬ್ಬರು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸಕ್ಕೆ ಈಗಾಗಲೇ ಮಾತಾಡಿ ಇಟ್ಟಿದ್ದರು. ಫೇಲಾದವರಿಗೆಂದು ನಡೆಯುವ ಎರಡನೇ ಪರೀಕ್ಷೆಗೆ ಇದ್ದದ್ದು ಇಪ್ಪತ್ತೆರಡು ದಿನ. ಅದರಲ್ಲಿ ಪಾಸಾದರೆ ಲ್ಯಾಬ್ ಕೋರ್ಸು, ಇಲ್ಲದಿದ್ದರೆ ಸೀರೆ ಅಂಗಡಿ. ಮಗಳೇ ಈ ಷರತ್ತಿಗೆ ಒಪ್ಪಿದ್ದಾಳೆ, ಮತ್ತೆ ಮತ್ತೆ ಪರೀಕ್ಷೆ ಕಟ್ಟಿಕೊಂಡು ಕೂರುವ ಧೈರ್ಯ ತನಗಿಲ್ಲ ಎಂದಿದ್ದಾಳೆ ಎಂದರು. ಅಂಗಡಿ ಕೆಲಸವೇನು ಕೀಳಲ್ಲ; ನನ್ನ ಗಂಡನ ಅಂಗಡಿಯಲ್ಲೇ ನಾಲ್ಕು ಹೆಣ್ಣುಮಕ್ಕಳು ತಲೆಯೆತ್ತಿ ದುಡಿಯುತ್ತಾರೆ. ಆದರೆ ಈ ಹುಡುಗಿ ಅಲ್ಲಿಗೆ ಹೋಗುವುದಾದರೆ ನಾನು ಕಲಿಸಿದ ವಿಷಯದಲ್ಲಿ ಸೋತು ಹೋಗಬೇಕಿತ್ತು. ಅದು ನನಗೆ ಸಹಿಸಲಾಗದ ಮಾತು.

ನಾನು ನೋಟ್ಸ್ ತೆರೆದೆ. ತಪ್ಪು ಹುಡುಕಲೆಂದಲ್ಲ, ಕಣ್ಣು ಎಲ್ಲಾದರೂ ಇಡಬೇಕಿತ್ತಲ್ಲ ಎಂದು. ವಿದ್ಯುತ್ ಮಂಡಲದ ಪುಟ ತೆರೆದುಕೊಂಡಿತು. ಕೋಶ, ಬಲ್ಬ್, ತಂತಿ, ಎಲ್ಲಕ್ಕೂ ಒಂದೊಂದು ಬಣ್ಣ. ಮಂಡಲದ ಸಾಲಿನಲ್ಲೇ ಇರಬೇಕಾದ ಅಮ್ಮೀಟರನ್ನು ಬಲ್ಬಿನ ಪಕ್ಕಕ್ಕೆ ಸಮಾಂತರವಾಗಿ ಕೂರಿಸಿದ್ದಳು; ಪಕ್ಕದಲ್ಲಿರಬೇಕಾದ ವೋಲ್ಟ್‌ಮೀಟರನ್ನು ಸಾಲಿನೊಳಗೆ ತೂರಿಸಿದ್ದಳು. ಬೋರ್ಡಿನಿಂದ ಇಳಿಸಿಕೊಳ್ಳುವಾಗ ಅದಲು ಬದಲಾಗಿದೆ. ಅದರ ಕೆಳಗೇ ಕೆಂಪು ಪೆನ್ನಿನಲ್ಲಿ ‘ಗುಡ್’. ಕೆಳಗೆ ನನ್ನ ಸಹಿ.

ನಾನು ಬಣ್ಣ ನೋಡಿ ಗುಡ್ ಹಾಕಿದ್ದೆ, ಚಿತ್ರ ನೋಡಿರಲಿಲ್ಲ. ಆ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಪುಸ್ತಕ ಮುಚ್ಚಿದೆ. ಆಮೇಲೆ ಮರ್ಯಾದೆ ಉಳಿಸಿಕೊಳ್ಳಲು ಮಾಡುವ ಕೆಲಸವನ್ನೇ ಮಾಡಿದೆ, ಹುಡುಗಿಯ ಕಡೆ ತಿರುಗಿ ಪ್ರಶ್ನೆ ಕೇಳಿದೆ.

ನಮ್ಮಲ್ಲಿ ಪಾಸಿಂಗ್ ಪ್ಯಾಕೇಜ್ ಎಂದು ಒಂದಿರುತ್ತದೆ. ಹಿಂದುಳಿದ ಮಕ್ಕಳಿಗೆ ಇಷ್ಟು ಬಂದರೆ ಸಾಕು ಎಂದು ಆರಿಸಿದ ಪ್ರಶ್ನೋತ್ತರಗಳು. ವಿಜ್ಞಾನಕ್ಕೆ ಅರವತ್ತು ಪ್ರಶ್ನೆಗಳನ್ನು ಆರಿಸಿದವಳು ನಾನು. ದಿನಾ ಶಾಲೆ ಶುರುವಾಗುವ ಮೊದಲು ವರಾಂಡದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದರಿಂದ ಅರವತ್ತರವರೆಗೆ ಒಕ್ಕೊರಲಿನಿಂದ ಹೇಳಿಸುತ್ತಿದ್ದೆ. ರಸ್ತೆಯವರೆಗೆ ಕೇಳುತ್ತಿತ್ತು. ಶಾಲೆ ಅಂದರೆ ಹೀಗಿರಬೇಕು ಎಂದು ಮುಖ್ಯೋಪಾಧ್ಯಾಯರು ಬಂದವರಿಗೆಲ್ಲ ಹೇಳುತ್ತಿದ್ದರು.

ಮೂವತ್ತನಾಲ್ಕನೇ ಪ್ರಶ್ನೆ ಕೇಳಿದೆ: ಹಸಿರು ಎಲೆಯಲ್ಲಿ ಆಹಾರ ತಯಾರಾಗಲು ಏನೇನು ಬೇಕು? ಹುಡುಗಿ ಉತ್ತರ ಹೇಳಲಿಲ್ಲ. ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಅಭ್ಯಾಸದಂತೆ ರೇಗಲು ಹೊರಟವಳು ಆ ತುಟಿಯನ್ನು ನೋಡಿ ನಿಂತೆ. ಅವಳು ಒಂದನೇ ಪ್ರಶ್ನೆಯಿಂದ ಹೇಳಿಕೊಂಡು ಬರುತ್ತಿದ್ದಳು. ಮೂವತ್ತನಾಲ್ಕನ್ನು ಮುಟ್ಟಲು ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಹನ್ನೆರಡರ ಹತ್ತಿರ ಎಲ್ಲೋ ಕೊಂಡಿ ಕಳಚಿತು, ನಿಂತಳು, ಮತ್ತೆ ಒಂದರಿಂದ ಶುರು ಮಾಡಿದಳು. ಆ ಉತ್ತರ ನೋಟ್ಸಿನ ಬಲಗಡೆ ಪುಟದಲ್ಲಿದೆ, ಮೇಲೆ ಹಸಿರು ಅಕ್ಷರ, ಪಕ್ಕದಲ್ಲಿ ಎಲೆಯ ಚಿತ್ರ ಎಂದೆಲ್ಲ ಹೇಳಬಲ್ಲಳು. ಉತ್ತರವೊಂದೇ ಬರಲಿಲ್ಲ. ವರಾಂಡದಲ್ಲಿ ಎಂದಾದರೂ ಅವಳೊಬ್ಬಳ ದನಿಯನ್ನು ನಾನು ಕೇಳಿದ್ದೆನೇ? ಇಲ್ಲ. ನಲವತ್ತು ಮಕ್ಕಳ ದನಿ ಅವಳನ್ನು ಹೊತ್ತುಕೊಂಡು ಹೋಗುತ್ತಿತ್ತು, ಬರುತ್ತದೆ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಅರ್ಥ ಮಾಡಿಕೊಂಡು ಓದಬೇಕು, ಬಾಯಿಪಾಠ ಮಾಡಬಾರದು ಎಂದು ಗದರಿದೆ. ನಾವೆಲ್ಲ ಹೇಳುವ ಮಾತು ಅದು. ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಮಗು ಕೇಳಿದರೆ, ಇನ್ನೊಂದು ಸಲ ಓದು ಎನ್ನುತ್ತೇವೆ. ಈ ಹುಡುಗಿ ಇನ್ನೊಂದು ಸಲ, ಮತ್ತೊಂದು ಸಲ ಎಂದು ಇಡೀ ವರ್ಷ ಓದಿದ್ದಳು. ಸೋಮಾರಿಯಾಗಿದ್ದರೆ ಬೈದು ಸರಿ ಮಾಡಬಹುದಿತ್ತು. ಇಷ್ಟು ದುಡಿದು ಸೋತವಳಿಗೆ ಏನು ಹೇಳುವುದು?

ತಂದೆ ಇಷ್ಟು ಹೊತ್ತೂ ಮಗಳ ತುಟಿಯನ್ನೇ ನೋಡುತ್ತಿದ್ದರು. ಅವರು ಆಗ ಆಡಿದ ಮಾತು ನನ್ನ ತರಬೇತಿಯ ವರ್ಷಗಳಲ್ಲಿ ಯಾರೂ ನನಗೆ ಹೇಳಿರಲಿಲ್ಲ.

"ನಮ್ಮಲ್ಲಿ ಹಿಂಗ ನೋಡಲ್ರಿ ಮೇಡಂ. ಪೀಸು ಫಳಫಳ ಹೊಳಿತೈತೆ ಅಂತ ಪಾಸ್ ಮಾಡಂಗಿಲ್ಲ, ಅಳತಿ ನೋಡೋ ಗೇಜಿನಾಗ ಹಾಕಿ ನೋಡಬೇಕು. ಅದೂ ಸಾಲಾಗಿ ಹಿಡಿಯಂಗಿಲ್ಲ. ರಾಶಿಯೊಳಗ ಕೈ ಹಾಕಿ ಯಾವುದಾರ ಒಂದು ಎತ್ತತೀವಿ. ಕೈಗೆ ಸಿಕ್ಕಿದ್ದು ಸರಿ ಇದ್ರ ರಾಶಿ ಸರಿ."

ಸಂಜೆ ದಾವಣಗೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದೆ. ಪಿ.ಬಿ. ರಸ್ತೆಯ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕಾರ್ಖಾನೆಯವನು ನನಗೆ ಪಾಠ ಹೇಳಿಕೊಟ್ಟನಲ್ಲ ಎಂದು ಮೊದಲು ಸಿಟ್ಟು ಬಂತು. ಬಸ್ಸು ಊರು ಮುಟ್ಟುವಷ್ಟರಲ್ಲಿ ಆ ಸಿಟ್ಟು ಹೋಗಿ ಕೈ ತುರಿಸತೊಡಗಿತ್ತು. ಮನೆಗೆ ಬಂದವಳೇ ಪಾಸಿಂಗ್ ಪ್ಯಾಕೇಜನ್ನು ಹರವಿಕೊಂಡು, ಕತ್ತರಿಯಿಂದ ಒಂದೊಂದೇ ಪ್ರಶ್ನೆಯನ್ನು ಕತ್ತರಿಸಿದೆ. ಪ್ರಶ್ನೆ ಮಾತ್ರ, ಉತ್ತರವಿಲ್ಲ, ಕ್ರಮಸಂಖ್ಯೆಯಂತೂ ಇಲ್ಲವೇ ಇಲ್ಲ. ಅರವತ್ತು ಚೀಟಿ. ಮಂಡಕ್ಕಿ ತುಂಬಿಡುವ ತಗಡಿನ ಡಬ್ಬಿ ಖಾಲಿ ಮಾಡಿ ಚೀಟಿಗಳನ್ನು ಅದಕ್ಕೆ ಸುರಿದು ಕುಲುಕಿದೆ. ಇಷ್ಟು ವಯಸ್ಸಾದ ಮೇಲೆ ಲಾಟರಿ ನಡೆಸುವ ಯೋಚನೆ ಬಂತೇ ಎಂದು ಯಜಮಾನರು ಕೇಳಿದರು. ಹೌದು, ಮೊದಲ ಬಹುಮಾನ ಲ್ಯಾಬ್ ಕೋರ್ಸು ಎಂದೆ. ಮಂಡಕ್ಕಿ ಎಲ್ಲಿ ಹೋಯಿತು ಎಂದು ಅವರು ಕೇಳಿದಾಗ ಡಬ್ಬಿಯನ್ನು ಇನ್ನೊಮ್ಮೆ ಕುಲುಕಿದೆ.

ಫೇಲಾದವರಿಗೆ ರಜೆಯಲ್ಲೂ ಶಾಲೆಯಲ್ಲಿ ವಿಶೇಷ ತರಗತಿ ಇರುತ್ತದೆ. ಮರುದಿನ ಆ ಡಬ್ಬಿಯನ್ನೂ ಇನ್ನೊಂದು ಖಾಲಿ ಡಬ್ಬಿಯನ್ನೂ ಹುಡುಗಿಯ ಮುಂದಿಟ್ಟು, ಎರಡನ್ನೂ ಮನೆಗೆ ಒಯ್ಯಲು ಹೇಳಿದೆ. ನಿಯಮ ಹೇಳಿದೆ. ನೋಡದೆ ಕೈ ಹಾಕಿ ಒಂದು ಚೀಟಿ ಎತ್ತಬೇಕು. ಪುಸ್ತಕ ಮುಚ್ಚಿಟ್ಟು, ಬಂದಷ್ಟನ್ನು ರಫ್ ಹಾಳೆಯಲ್ಲಿ ಗೀಚಬೇಕು. ಗೆರೆ ಇಲ್ಲ, ಬಣ್ಣವಿಲ್ಲ, ಬಳ್ಳಿ ಇಲ್ಲ. ಆಮೇಲೆ ಪಠ್ಯಪುಸ್ತಕ ತೆರೆದು ಹೋಲಿಸಬೇಕು. ತಪ್ಪಿದ್ದರೆ ಚೀಟಿ ಅದೇ ಡಬ್ಬಿಗೆ ವಾಪಸ್. ಸರಿಯಿದ್ದರೆ ಇನ್ನೊಂದು ಡಬ್ಬಿಗೆ. ಆದರೆ ಅಲ್ಲಿಗೆ ಅದರ ಕಥೆ ಮುಗಿಯುವುದಿಲ್ಲ. ಮೂರು ದಿನ ಬಿಟ್ಟು ಅದನ್ನು ಮತ್ತೆ ಎತ್ತಿ ಕೇಳಿಕೊಳ್ಳಬೇಕು, ಆಗಲೂ ಬಂದರೆ ಒಂದು ವಾರ ಬಿಟ್ಟು ಮತ್ತೆ. ಇನ್ನು ನೋಟ್ಸು. ಅದನ್ನು ಪರೀಕ್ಷೆ ಮುಗಿಯುವ ತನಕ ಟ್ರಂಕಿನಲ್ಲಿಟ್ಟು ಬೀಗ ಹಾಕಬೇಕೆಂದು ತಂದೆಗೆ ಹೇಳಿ ಕಳಿಸಿದೆ. ನೋಡಿದರೆ ಎಲ್ಲ ಬರುತ್ತದೆ ಅನ್ನಿಸುತ್ತದೆ, ಅದೇ ಅದರ ಕೆಟ್ಟ ಗುಣ ಎಂದೆ. ಟ್ರಂಕಿನ ಬೀಗಕ್ಕೆ ಇನ್ನೊಂದು ಕಾರಣವೂ ಇತ್ತು. ಆ ವಿದ್ಯುತ್ ಮಂಡಲದ ಪುಟ ಯಾರ ಕಣ್ಣಿಗೂ ಬೀಳದಿರಲಿ ಎಂಬುದು ಆ ಕಾರಣ. ಅದನ್ನು ನಾನು ನನಗೂ ಸರಿಯಾಗಿ ಹೇಳಿಕೊಳ್ಳಲಿಲ್ಲ.

ಮುಖ್ಯೋಪಾಧ್ಯಾಯರು ಇದನ್ನೆಲ್ಲ ನೋಡಿ ತಲೆ ಕೆರೆದುಕೊಂಡರು. ಇರುವುದು ಮೂರು ವಾರ, ಅತಿ ಮುಖ್ಯವಾದ ಇಪ್ಪತ್ತು ಪ್ರಶ್ನೆ ಕೊಟ್ಟು ವರಾಂಡದಲ್ಲಿ ಗಟ್ಟಿಯಾಗಿ ಹೇಳಿಸಿಬಿಡಿ ಎಂದು ಸಲಹೆ ಕೊಟ್ಟರು. ಗಟ್ಟಿಯಾಗಿ ಹೇಳಿಸಿದ್ದಕ್ಕೇ ಈ ಗತಿ ಬಂದಿದೆ ಸಾರ್ ಎಂದೆ. ನನ್ನ ಬಾಯಿಗೆ ಅವರೂ ಹೆದರುತ್ತಾರೆ, ತಮ್ಮ ಕೋಣೆಗೆ ಹೊರಟರು.

ಬೆಳಗಿನ ಫೋನನ್ನೂ ಬದಲಾಯಿಸಿದೆ. ಎದ್ದೆಯಾ ಎಂದು ಕೇಳುವುದನ್ನು ಬಿಟ್ಟೆ. ಎದ್ದವಳು ಏನು ಮಾಡಿದಳು ಎನ್ನುವುದು ತಾನೇ ಮುಖ್ಯ? ಐದು ಗಂಟೆಗೆ ಫೋನ್ ಮಾಡಿ, ಹಿಂದಿನ ದಿನ ಅವಳು ಸರಿ ಎಂದು ಎರಡನೇ ಡಬ್ಬಿಗೆ ಹಾಕಿದ ಚೀಟಿಗಳಲ್ಲಿ ಒಂದನ್ನು ಕೇಳುತ್ತಿದ್ದೆ. ಇದರಲ್ಲಿ ಅವಳಿಗಿಂತ ನನಗೆ ಕಷ್ಟವಾಯಿತು. ಪ್ರಶ್ನೆ ಕೇಳಿದ ಮೇಲೆ ಆ ಕಡೆ ಸದ್ದಿಲ್ಲ. ಮೂರು ಎಣಿಸುವಷ್ಟರಲ್ಲಿ ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಅರ್ಧ ನಿಮಿಷ, ಒಂದು ನಿಮಿಷ. ಫೋನ್ ಕಟ್ಟಾಯಿತೋ ಏನೋ ಎಂದು ಪರದೆ ನೋಡುತ್ತಿದ್ದೆ. ಇಲ್ಲ, ಉಸಿರು ಕೇಳುತ್ತಿತ್ತು. ನೀನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಮದುವೆಯಾದಾಗಿನಿಂದ ನಾನು ನೋಡಿಲ್ಲ, ಆ ಹುಡುಗಿಯ ನಂಬರ್ ನನಗೂ ಕೊಡು ಎಂದು ಯಜಮಾನರು ತಮಾಷೆ ಮಾಡಿದರು.

ಮೊದಲ ವಾರ ಚೆನ್ನಾಗಿರಲಿಲ್ಲ. ಹತ್ತು ಚೀಟಿ ಎತ್ತಿದರೆ ಎರಡು ಬರುತ್ತಿದ್ದವು. ಒಂದು ದಿನ ಒಂದೂ ಬರಲಿಲ್ಲ. ಐದನೇ ದಿನವೋ ಆರನೇ ದಿನವೋ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಅತ್ತು ಅತ್ತು ಮೂಗು ಕಟ್ಟಿತ್ತು.

"ಮಿಸ್, ಮೊದಲು ನನಗ ಎಲ್ಲಾ ಬರ್ತಿತ್ತು. ಈ ಡಬ್ಬಿ ಬಂದ ಮ್ಯಾಲೆ ಏನೂ ಬರಲ್ಲ. ನನ್ನ ನೋಟ್ಸ್ ನನಗ ಕೊಡಿಸ್ರಿ."

ಆ ಮಾತು ನನ್ನನ್ನು ಅಲ್ಲಾಡಿಸಲಿಲ್ಲ ಎಂದರೆ ಸುಳ್ಳು. ನೋಟ್ಸ್ ಕೊಟ್ಟುಬಿಟ್ಟರೆ ಆಕೆಗೆ ನೆಮ್ಮದಿ, ನನಗೂ ನೆಮ್ಮದಿ. ಆದರೆ ಆ ನೆಮ್ಮದಿಯ ಬೆಲೆ ಒಂಬತ್ತು ಅಂಕ ಎಂಬುದನ್ನು ಇಬ್ಬರೂ ನೋಡಿಯಾಗಿತ್ತು. ಮೊದಲೂ ಬರುತ್ತಿರಲಿಲ್ಲ ಕಣವ್ವಾ, ಬರುತ್ತದೆ ಎಂದು ಕಾಣುತ್ತಿತ್ತು ಅಷ್ಟೇ. ಈಗ ಬರದಿರುವುದು ಕಾಣುತ್ತಿದೆ, ಪರೀಕ್ಷೆಯ ಹಾಲಿನಲ್ಲಿ ಕಾಣುವುದಕ್ಕಿಂತ ಮನೆಯಲ್ಲಿ ಕಂಡರೆ ಒಳ್ಳೆಯದಲ್ಲವೇ ಎಂದೆ. ಬೈಯಲಿಲ್ಲ. ಬೈಯದೆ ಅಷ್ಟು ಉದ್ದ ಮಾತಾಡಿದ್ದು ನನಗೇ ಹೊಸದು. ಸಂಜೆ ಮತ್ತೆ ಡಬ್ಬಿ ಮುಂದಿಟ್ಟುಕೊಂಡು ಕೂತಳೆಂದು ತಂದೆ ಆಮೇಲೆ ಹೇಳಿದರು.

ಎರಡನೇ ವಾರ ಹತ್ತಕ್ಕೆ ಐದು ಬಂದವು. ಆಮೇಲೆ ಆರು, ಮತ್ತೆ ಇಳಿದು ನಾಲ್ಕು, ಮತ್ತೆ ಏಳು. ಅಷ್ಟರಲ್ಲಿ ತಂದೆಯೂ ಡಬ್ಬಿಗೆ ಕೈ ಹಾಕತೊಡಗಿದ್ದರು. ಬೆಳಗಿನ ಶಿಫ್ಟ್ ಇದ್ದ ದಿನ ಸಂಜೆ ಚಹಾ ಕುಡಿಯುತ್ತ ಒಂದು ಚೀಟಿ ಎತ್ತಿ ಮಗಳಿಗೆ ಕೊಡುವುದು, ಅವಳು ಹೇಳಿದ್ದು ತಮಗೆ ತಿಳಿಯದಿದ್ದರೆ ತಿಳಿಯುವ ತನಕ ಬಿಡದೆ ಕೇಳುವುದು. ಹೈಸ್ಕೂಲು ಮೆಟ್ಟಿಲು ಹತ್ತಿ ಇಳಿದಿದ್ದ ಆ ಮನುಷ್ಯನಿಗೆ ಪುಸ್ತಕದ ಮಾತು ಒಪ್ಪಿಗೆಯಾಗುತ್ತಿರಲಿಲ್ಲ. ಹಂಗಂದ್ರೆ ಏನು, ಯಾಕ ಹಂಗ ಎಂಬ ಎರಡೇ ಪ್ರಶ್ನೆ. ನಾನು ಇಪ್ಪತ್ತು ವರ್ಷದಲ್ಲಿ ಅಷ್ಟು ಸಲ ಯಾಕೆ ಎಂದು ಕೇಳಿರಲಿಕ್ಕಿಲ್ಲ. ಒಂದು ಸಂಜೆ ಅವರು ಕೇಳಿದ್ದು ಇದು: ಅಮ್ಮೀಟರನ್ನು ಸಾಲಿನೊಳಗೇ ಯಾಕೆ ಇಡಬೇಕು, ಪಕ್ಕಕ್ಕೆ ಇಟ್ಟರೆ ಏನಾಗುತ್ತದೆ? ಸರಣಿಯಲ್ಲಿ ಜೋಡಿಸಬೇಕು ಎಂದು ಹುಡುಗಿಗೆ ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಪ್ರಶ್ನೆ ಕೇಳುವ ಮೊದಲೇ ಅವಳು ಅದನ್ನು ನನಗೆ ಕೇಳಿದಳು. ಅಮ್ಮೀಟರ್ ಎಂಬ ಶಬ್ದ ಕೇಳಿದ್ದೇ ನನಗೆ ಆ ಪುಟ, ಆ ಗುಡ್, ಎಲ್ಲ ಕಣ್ಣ ಮುಂದೆ ಬಂತು. ಗಡಗಡನೆ ಉತ್ತರ ಹೇಳಿ ಮುಗಿಸಿಬಿಡುವ ಆಸೆಯಾಯಿತು. ತಡೆದುಕೊಂಡೆ. ಅಮ್ಮೀಟರ್ ಏನನ್ನು ಅಳೆಯುತ್ತದೆ, ಅಷ್ಟು ಯೋಚಿಸು ಎಂದು ಹೇಳಿ ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಯೋಚಿಸಿದಳು. ಒಲೆಯ ಮೇಲೆ ಹಾಲು ಮೇಲೆದ್ದು ಬಂತು. ಫೋನ್ ಕೆಳಗಿಟ್ಟರೆ ಅವಳ ಯೋಚನೆ ಕಡಿದುಹೋಗುತ್ತದೇನೋ ಎಂಬ ಮೂಢನಂಬಿಕೆಯಲ್ಲಿ, ವಿಜ್ಞಾನದ ಶಿಕ್ಷಕಿಯಾದ ನಾನು, ಹಾಲು ಉಕ್ಕಿ ಒಲೆಯ ತುಂಬ ಹರಿಯುವುದನ್ನು ನೋಡುತ್ತ ನಿಂತಿದ್ದೆ.

"ನಮ್ಮನಿ ನಳಕ್ಕ ಮೀಟರ್ ಕೂಡ್ಸ್ಯಾರಲ್ರಿ ಮಿಸ್," ಎಂದಳು ಕೊನೆಗೆ. "ಅದು ಪೈಪಿನ ನಡುವ ಐತೆ. ಹರಿಯೋ ನೀರೆಲ್ಲಾ ಅದರಾಗಿಂದನ ಹೋಗಬೇಕು, ಆಗ ಲೆಕ್ಕ ಸಿಗತೈತೆ. ಅಮ್ಮೀಟರ್‌ನೂ ಹಂಗ ಅಲ್ರಿ? ಪಕ್ಕಕ್ಕ ಇಟ್ರ ಬಲ್ಬಿನಾಗ ಹರಿಯೋದು ಅದಕ್ಕ ಹೆಂಗ ಗೊತ್ತಾಗತೈತೆ?"

ನಾನು ಎಂದೂ ಆ ಉದಾಹರಣೆ ಕೊಟ್ಟವಳಲ್ಲ. ಅದು ಅವಳದು. ಒಲೆ ಒರೆಸುತ್ತ ನಾನು ಒಬ್ಬಳೇ ನಗುತ್ತಿದ್ದೆ. ಈ ಹುಡುಗಿ ಪಾಸಾಗುತ್ತಾಳೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅವತ್ತು. ಅರವತ್ತು ಚೀಟಿ ಸಾಲುವುದಿಲ್ಲ ಎಂದು ಅವಳಿಗೆ ಅನ್ನಿಸಿದ್ದೂ ಅವತ್ತೇ ಇರಬೇಕು. ತಾನೇ ಪಾಠ ಓದಿ, ತಾನೇ ಹೊಸ ಪ್ರಶ್ನೆ ಬರೆದು ಡಬ್ಬಿಗೆ ಹಾಕತೊಡಗಿದಳು. ಅವಳ ಪ್ರಶ್ನೆಗಳೆಲ್ಲ ಯಾಕೆ ಎಂದು ಮುಗಿಯುತ್ತಿದ್ದವು.

ಪರೀಕ್ಷೆಯ ದಿನ ನಾನು ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ತಂದೆ ರಜೆ ಹಾಕಿ ಬಂದಿದ್ದರು. ಬೇವಿನ ಮರದ ನೆರಳಿನಲ್ಲಿ ಇಬ್ಬರೂ ಗೇಟಿನ ಕಡೆ ನೋಡುತ್ತ ನಿಂತೆವು. ಬೆಲ್ ಹೊಡೆದು ಮಕ್ಕಳು ಹೊರಗೆ ಬಂದರು. ಅವಳು ಕೊನೆಯ ಹಿಂಡಿನಲ್ಲಿ ಬಂದಳು. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಕೆಲಸ ಮುಗಿಸಿ ಬಂದವರ ಮುಖ. ಪ್ಯಾಕೇಜಿನಲ್ಲಿ ಇಲ್ಲದ ಪ್ರಶ್ನೆಯೊಂದು ಬಂದಿತ್ತಂತೆ. ಒಬ್ಬ ದರ್ಜಿ, ಎದುರಿನ ಅಂಗಡಿಯ ಬೋರ್ಡನ್ನು ಸಲೀಸಾಗಿ ಓದುತ್ತಾನೆ, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಅವನ ಕಣ್ಣಿನ ದೋಷ ಯಾವುದು, ಯಾವ ಮಸೂರ ಕೊಡಬೇಕು, ಯಾಕೆ? ಓದಿದ ತಕ್ಷಣ ತಲೆ ಖಾಲಿಯಾಯಿತಂತೆ. ಮಾರ್ಚಿನ ಪರೀಕ್ಷೆಯಲ್ಲೂ ಹೀಗೇ ಆಗಿತ್ತು, ಆಗ ಗಾಬರಿಯಾಗಿ ಒಂದನೇ ಪ್ರಶ್ನೆಯಿಂದ ಹೇಳಿಕೊಳ್ಳಲು ಹೋಗಿ ಹೊತ್ತೆಲ್ಲ ಕಳೆದಿದ್ದಳು.

"ಈ ಸಲ ಏನು ಮಾಡಿದಿ?" ಎಂದು ಕೇಳಿದೆ.

"ನೀವು ಫೋನಿನಾಗ ಸುಮ್ನ ಇರ್ತಿದ್ರಲ್ರಿ ಮಿಸ್," ಎಂದಳು. "ಹಂಗ ಪೆನ್ ಕೆಳಗಿಟ್ಟು ಸುಮ್ನ ಕುಂತೆ. ಬಂತು."

ಇಷ್ಟು ವರ್ಷ ನಾನು ಆಡಿದ ಮಾತುಗಳನ್ನೆಲ್ಲ ಬಿಟ್ಟು, ನಾನು ಆಡದೇ ಉಳಿಸಿದ್ದನ್ನು ಆ ಹುಡುಗಿ ಪರೀಕ್ಷೆಯ ಹಾಲಿಗೆ ಒಯ್ದಿದ್ದಳು. ಅಳು ಬಂದರೆ ಅಸಹ್ಯವಾಗುತ್ತದೆಂದು, ದರ್ಜಿಗೆ ಯಾವ ಮಸೂರ ಕೊಟ್ಟೆ ಎಂದು ಗದರಿಸುವಂತೆ ಕೇಳಿದೆ. ಪೀನ ಮಸೂರ ಎಂದಳು. ಸರಿಯಾಗಿತ್ತು.

ಫಲಿತಾಂಶ ಬಂದಾಗ ನಾನು ಕನ್ನಡಕ ಒರೆಸಿಕೊಳ್ಳಲಿಲ್ಲ. ಪಾಸಿಗೆ ಬೇಕಾದುದಕ್ಕಿಂತ ಹದಿನೇಳು ಅಂಕ ಹೆಚ್ಚು ಬಂದಿತ್ತು. ಅತ್ತೆ ಮಾತಾಡಿಟ್ಟಿದ್ದ ಅಂಗಡಿಗೆ ಬೇರೆ ಯಾರನ್ನೋ ನೋಡಿಕೊಳ್ಳಿ ಎಂದು ತಂದೆ ಹೇಳಿ ಕಳಿಸಿದರಂತೆ.

ಲ್ಯಾಬ್ ಕೋರ್ಸಿನ ಅರ್ಜಿಗೆ ವರ್ಗಾವಣೆ ಪತ್ರ ಬೇಕಿತ್ತು. ಅದಕ್ಕೆಂದು ಅಪ್ಪ ಮಗಳು ಶಾಲೆಗೆ ಬಂದರು. ಹುಡುಗಿ ಎರಡೂ ಡಬ್ಬಿಗಳನ್ನು ವಾಪಸ್ ತಂದಿದ್ದಳು. ನಾನು ಕೊಟ್ಟಾಗ ಅರವತ್ತಿದ್ದ ಚೀಟಿ ಈಗ ನೂರಿಪ್ಪತ್ತರ ಮೇಲಾಗಿದ್ದವು. ಮುಂದಿನ ವರ್ಷದ ಮಕ್ಕಳಿಗೆ ಇರಲಿ ಎಂದಳು. ಆಮೇಲೆ ಚೀಲದಿಂದ ಆ ನೋಟ್ಸ್ ತೆಗೆದಳು. ಟ್ರಂಕಿನಿಂದ ಹೊರಬಂದಿತ್ತು. ನೇರವಾಗಿ ವಿದ್ಯುತ್ ಮಂಡಲದ ಪುಟ ತೆರೆದು ನನ್ನ ಮೇಜಿನ ಮೇಲಿಟ್ಟಳು. ಬಣ್ಣದ ಅಮ್ಮೀಟರಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಇಡೀ ಮಂಡಲವನ್ನು ಪೆನ್ಸಿಲಿನಲ್ಲೇ ಮತ್ತೆ ಬರೆದಿದ್ದಳು. ಗೆರೆ ಸೊಟ್ಟಗಿತ್ತು, ಬಲ್ಬು ಬದನೆಕಾಯಿಯ ಹಾಗಿತ್ತು.

"ಮಿಸ್, ಇಲ್ಲಿ ತಪ್ಪೈತ್ರಿ," ಎಂದಳು. ಅವಳ ಬೆರಳು ಅಮ್ಮೀಟರಿನ ಮೇಲಿತ್ತು, ನನ್ನ ಸಹಿಯ ಮೇಲಲ್ಲ. ಅಷ್ಟು ಮರ್ಯಾದೆ ಉಳಿಸಿದ್ದಳು.

ತಂದೆ ಬಗ್ಗಿ ನೋಡಿದರು. ರಿಜೆಕ್ಟ್ ಪೀಸಿನ ಮ್ಯಾಲೆ ಪಾಸ್ ಸೀಲ್ ಬಿದ್ದೈತೆ ಎಂದು ನಕ್ಕರು. ನಗುವಿನಲ್ಲಿ ವ್ಯಂಗ್ಯವಿರಲಿಲ್ಲ, ಅವರ ಕಾರ್ಖಾನೆಯಲ್ಲೂ ಆಗುವಂಥದ್ದೇ ಇರಬೇಕು. ಅರೆ ಹೌದಲ್ಲ, ನೋಡಿರಲೇ ಇಲ್ಲ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ, ಅವಸರ ಮಾಡಲಿಲ್ಲ. ಈ ಸಲ ಸುಮ್ಮನೆ ಕಾಯುವ ಸರದಿ ಅವಳದು, ಉತ್ತರ ಹುಡುಕುವ ಸರದಿ ನನ್ನದು.

"ನಿಮ್ಮಪ್ಪ ಅವತ್ತು ಇದನ್ನ ತಂದಿಟ್ಟಾಗಲೇ ನೋಡಿದ್ದೆ," ಎಂದೆ. "ಹೇಳಲಿಲ್ಲ. ತಪ್ಪು ನನ್ನದು."

ಕೆಂಪು ಪೆನ್ ತೆಗೆದು ಆ ‘ಗುಡ್’ ಮೇಲೆ ಅಡ್ಡಗೆರೆ ಎಳೆದೆ. ಸಹಿಯನ್ನು ಹಾಗೇ ಬಿಟ್ಟೆ, ಅದು ಅಲ್ಲೇ ಇರಲಿ ಎಂದು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಒಂದು ಗೆರೆಗೆ ಇಳಿಯಿತು. ಹುಡುಗಿ ಪೆನ್ಸಿಲಿನ ಚಿತ್ರವನ್ನು ನನ್ನ ಕಡೆ ಸರಿಸಿ, ತಾನು ತಿದ್ದಿದ್ದು ಸರಿಯಿದೆಯೇ ಎಂದು ಕೇಳಿದಳು. ನೀನೇ ನೋಡಿ ಹೇಳು ಎಂದೆ. ಅವಳು ಕೋಶದಿಂದ ಬೆರಳಿಟ್ಟು ತಂತಿಯ ಗುಂಟ ನಡೆಸಿದಳು. ಅಮ್ಮೀಟರನ್ನು ಹಾದು, ಬಲ್ಬನ್ನು ಹಾದು, ವೋಲ್ಟ್‌ಮೀಟರಿನ ಹತ್ತಿರ ಒಂದು ಗಳಿಗೆ ನಿಂತು, ಮತ್ತೆ ಕೋಶಕ್ಕೆ ಬಂದು ಮುಟ್ಟಿದಳು.

"ಸರಿ ಐತೆ," ಎಂದಳು.

ನಾನು ಪೆನ್ನಿನ ಕ್ಯಾಪ್ ಮುಚ್ಚಿದೆ. ಗುಡ್ ಹಾಕಲಿಲ್ಲ.